ಧ್ರುವ ವಾಯುಮಂಡಲದ ತೇಲುಕಣ ಮತ್ತು ಮಸಿಯ ಮಾಪನ

ಉತ್ತರ ಮತ್ತು ದಕ್ಷಿಣ ಧ್ರುವ ಪ್ರದೇಶಗಳ ಗಾಳಿಯಲ್ಲಿ ತೇಲುವ ಅತಿಸೂಕ್ಷ್ಮ ಘನ, ದ್ರವ ಕಣಗಳನ್ನು ಎಣಿಸಿ, ತೂಗಿ, ಅವು ಬೆಳಕನ್ನು ಎಷ್ಟು ಚದರಿಸುತ್ತವೆ, ಎಷ್ಟು ಹೀರುತ್ತವೆ ಎಂಬುದನ್ನು ದಾಖಲಿಸುವ ವಾಯುಮಂಡಲ ವಿಜ್ಞಾನದ ಶಾಖೆ. ಈ ಕಣಗಳನ್ನು ತೇಲುಕಣ ಅಥವಾ ಏರೋಸಾಲ್ ಎನ್ನುತ್ತಾರೆ. ಇಂಧನ ಅರೆಬರೆ ಉರಿದಾಗ ಹುಟ್ಟುವ ಮಸಿ ಅಥವಾ ಕಪ್ಪು ಇಂಗಾಲ ಇವುಗಳಲ್ಲಿ ಒಂದು ಸಣ್ಣ ಪಾಲು. ಆದರೆ ಬೆಳಕು ಹೀರುವುದರಲ್ಲಿ ಉಳಿದ ಕಣಗಳಾವುವೂ ಅದಕ್ಕೆ ಸಮವಲ್ಲ.

ಧ್ರುವಗಳಲ್ಲಿ ದೊಡ್ಡ ಊರುಗಳೂ ಕಾರ್ಖಾನೆಗಳೂ ವಿರಳ. ಅಲ್ಲಿನ ಗಾಳಿಯ ಮಸಿ ಬಹುಮಟ್ಟಿಗೆ ಸಾವಿರಾರು ಕಿಲೋಮೀಟರ್ ಆಚೆ ಉರಿದ ಕಲ್ಲಿದ್ದಲು, ಡೀಸೆಲ್, ಕಾಡು, ಪೈರಿನ ಕೂಳೆಗಳಿಂದ ಬಂದದ್ದು. ಹೀಗಾಗಿ ಧ್ರುವದ ಕಣಮಾಪನ ಜಗತ್ತಿನ ಉಳಿದ ಭಾಗದ ಉರಿಯ ಲೆಕ್ಕವೂ ಆಗುತ್ತದೆ. ಚೆನ್ನೈನ ತ್ರಿಪ್ಲಿಕೇನ್‌ನಂಥ ಜನನಿಬಿಡ ಕರಾವಳಿ ಬಡಾವಣೆಯಲ್ಲಿ ಮಸಿ ಮೊದಲಿಗೆ ಶ್ವಾಸಕೋಶಕ್ಕೆ ಸಂಬಂಧಿಸಿದ ವಿಷಯ. ಧ್ರುವದಲ್ಲಿ ಅದು ಹಿಮದ ಬಿಳುಪಿಗೆ ಸಂಬಂಧಿಸಿದ ವಿಷಯ. ಎರಡೂ ಕಡೆ ಅಳೆಯುವ ತತ್ತ್ವ ಒಂದೇ, ಅಳತೆಯ ಪ್ರಮಾಣ ಮಾತ್ರ ಸಾವಿರ ಪಟ್ಟು ಬೇರೆ.

ಕಣಗಳ ಬಗೆ ಮತ್ತು ಗಾತ್ರ

ತೇಲುಕಣಗಳ ವ್ಯಾಸ ಕೆಲವೇ ನ್ಯಾನೋಮೀಟರಿನಿಂದ ಹತ್ತಾರು ಮೈಕ್ರೋಮೀಟರಿನವರೆಗೆ ಇರುತ್ತದೆ. ಅನಿಲಗಳು ಸಾಂದ್ರೀಕರಿಸಿ ಹೊಸದಾಗಿ ಹುಟ್ಟುವ ಕಣಗಳು ಅತಿ ಚಿಕ್ಕವು. ಅವು ಒಂದಕ್ಕೊಂದು ಅಂಟಿ, ಮೇಲೆ ಆವಿ ಕೂಡಿಕೊಂಡು 0.1ರಿಂದ 1 ಮೈಕ್ರೋಮೀಟರ್ ಗಾತ್ರಕ್ಕೆ ಬೆಳೆಯುತ್ತವೆ. ಗಾಳಿಯಲ್ಲಿ ಬಹಳ ಕಾಲ ನಿಲ್ಲುವುದೂ ಬಹಳ ದೂರ ಸಾಗುವುದೂ ಈ ಗಾತ್ರದ ಕಣಗಳೇ. ಇವಕ್ಕಿಂತ ದಪ್ಪನಾದ ಧೂಳು ಮತ್ತು ಸಮುದ್ರದ ಉಪ್ಪಿನ ಕಣಗಳು ಬೇಗ ಕೆಳಗಿಳಿಯುತ್ತವೆ.

ಮಸಿಯ ಒಂದು ಕಣವೆಂದರೆ ಒಂದೇ ಉಂಡೆಯಲ್ಲ. ಇಪ್ಪತ್ತರಿಂದ ಐವತ್ತು ನ್ಯಾನೋಮೀಟರ್ ಗಾತ್ರದ ನೂರಾರು ಇಂಗಾಲದ ಗುಂಡುಗಳು ಸರಪಳಿಯಾಗಿ ಹೆಣೆದುಕೊಂಡು ಅದು ರೂಪುಗೊಳ್ಳುತ್ತದೆ. ಹೊಗೆಯಿಂದ ಹೊರಬಿದ್ದ ಕೆಲವು ಗಂಟೆಗಳಲ್ಲಿ ಸಲ್ಫೇಟ್ ಮತ್ತು ಸಾವಯವ ಪದಾರ್ಥಗಳ ಲೇಪ ಅದರ ಮೇಲೆ ಕೂರುತ್ತದೆ, ಸರಪಳಿ ಮುದುಡಿಕೊಳ್ಳುತ್ತದೆ. ಲೇಪ ಬಂದ ಕಣ ಮಳೆಹನಿಗೂ ಹಿಮದ ಹಳಕಿಗೂ ಸುಲಭವಾಗಿ ಸಿಗುತ್ತದೆ. ಆದ್ದರಿಂದ ವಾತಾವರಣದಲ್ಲಿ ಮಸಿಯ ಆಯುಷ್ಯ ಸರಾಸರಿ ಒಂದು ವಾರದ ಆಸುಪಾಸು. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುವುದಕ್ಕೆ ಹೋಲಿಸಿದರೆ ಇದು ತೀರ ಅಲ್ಪ.

ಧ್ರುವದ ಗಾಳಿಯಲ್ಲಿ ಸಹಜ ಕಣಗಳೂ ಇವೆ. ಸಮುದ್ರದ ಸಸ್ಯಪ್ಲವಕಗಳು ಹೊರಬಿಡುವ ಡೈಮೀಥೈಲ್ ಸಲ್ಫೈಡ್ ಉತ್ಕರ್ಷಣಗೊಂಡು ಸಲ್ಫೇಟ್ ಕಣವಾಗುತ್ತದೆ. ಬಿರುಗಾಳಿ ಅಲೆಗಳಿಂದ ಉಪ್ಪಿನ ತುಂತುರನ್ನು ಎತ್ತುತ್ತದೆ. ಪೆಂಗ್ವಿನ್ ವಸಾಹತುಗಳಿಂದ ಏಳುವ ಅಮೋನಿಯಾ ಕೂಡ ಹೊಸ ಕಣಗಳ ಹುಟ್ಟಿಗೆ ನೆರವಾಗುತ್ತದೆ. ಮಾನವನಿರ್ಮಿತ ಪಾಲು ಎಷ್ಟೆಂದು ತಿಳಿಯಬೇಕಾದರೆ ಈ ಸಹಜ ಹಿನ್ನೆಲೆಯನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಮಸಿ ಈ ಕೆಲಸಕ್ಕೆ ಒಳ್ಳೆಯ ಗುರುತು, ಏಕೆಂದರೆ ಬೆಂಕಿಯಿಲ್ಲದೆ ಅದು ಹುಟ್ಟುವುದಿಲ್ಲ.

ಅವಲೋಕನದ ಇತಿಹಾಸ

ಧ್ರುವದ ಮಾಲಿನ್ಯ ಮೊದಲು ಕಂಡದ್ದು ಗಾಳಿಯಲ್ಲಲ್ಲ, ಮಂಜುಗಡ್ಡೆಯ ಮೇಲೆ. ಸ್ವೀಡನ್ನಿನ ಅನ್ವೇಷಕ ಎ. ಇ. ನೂರ್ಡೆನ್‌ಶೋಲ್ಡ್ 1870ರಲ್ಲಿ ಗ್ರೀನ್‌ಲೆಂಡಿನ ಹಿಮದ ಹಾಸಿನ ಮೇಲೆ ಕಪ್ಪು ಬೂದು ಧೂಳನ್ನೂ, ಅದು ಬಿಸಿಲು ಹೀರಿ ಕೊರೆದ ಸಣ್ಣ ಸಣ್ಣ ಕುಳಿಗಳನ್ನೂ ಕಂಡು ವಿವರಿಸಿದ. 1883ರ ಬೇಸಿಗೆಯಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋದ.

ಅದೇ 1883ರ ಸೆಪ್ಟೆಂಬರಿನಲ್ಲಿ ಮದರಾಸಿನ ಜನ ಹಸಿರು ಸೂರ್ಯನನ್ನು ಕಂಡರು. ಆಗಸ್ಟ್ 27ರಂದು ಸ್ಫೋಟಿಸಿದ ಕ್ರಕಟೋವ ಜ್ವಾಲಾಮುಖಿಯ ಕಣಗಳು ಗಾಳಿಯ ಎತ್ತರದ ಪದರಗಳಲ್ಲಿ ಹರಡಿದ್ದವು. ಮದರಾಸು ವೀಕ್ಷಣಾಲಯದ ಎನ್. ಆರ್. ಪಾಗ್ಸನ್ ಇದನ್ನು ದಾಖಲಿಸಿದರು. ಮದರಾಸು ಕ್ರಿಶ್ಚಿಯನ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ, ಮುಂದೆ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದ ಸಿ. ಮಿಚಿ ಸ್ಮಿತ್ ಆ ಬೆಳಕಿನ ರೋಹಿತವನ್ನು ಪರೀಕ್ಷಿಸಿದರು. ತೇಲುಕಣಗಳ ಗಾತ್ರಕ್ಕೆ ತಕ್ಕಂತೆ ಬೆಳಕಿನ ಬಣ್ಣ ಬದಲಾಗುತ್ತದೆ ಎಂಬ ತತ್ತ್ವದ ಮೇಲೆಯೇ ಇಂದಿನ ಹಲವು ಉಪಕರಣಗಳು ನಿಂತಿವೆ.

ಕಣಗಳ ಎಣಿಕೆಗೆ ದಾರಿ ತೋರಿದವರು ಸ್ಕಾಟ್ಲೆಂಡಿನ ಜಾನ್ ಏಟ್ಕೆನ್. 1880ರ ದಶಕದ ಕೊನೆಯಲ್ಲಿ ಅವರು ತೇವಭರಿತ ಗಾಳಿಯನ್ನು ಹಠಾತ್ತನೆ ಹಿಗ್ಗಿಸಿ, ಒಂದೊಂದು ಕಣದ ಸುತ್ತಲೂ ನೀರಹನಿ ಕಟ್ಟುವಂತೆ ಮಾಡಿ, ಆ ಹನಿಗಳನ್ನು ಭೂತಗನ್ನಡಿಯಲ್ಲಿ ಎಣಿಸಿದರು.

ಎರಡನೆಯ ಮಹಾಯುದ್ಧದ ನಂತರ ಅಲಾಸ್ಕಾದಿಂದ ಉತ್ತರ ಧ್ರುವದ ಕಡೆಗೆ ಹಾರುತ್ತಿದ್ದ ಅಮೆರಿಕದ ಹವಾಮಾನ ವಿಮಾನಗಳ ಸಿಬ್ಬಂದಿಗೆ, ನಿರ್ಮಲವಾಗಿರಬೇಕಾದ ಗಾಳಿಯಲ್ಲಿ ಕಂದು ಮಬ್ಬು ಕಾಣಿಸಿತು. 1950ರ ದಶಕದಲ್ಲಿ ಜೆ. ಮರ್ರೆ ಮಿಚೆಲ್ ಇದನ್ನು ಆರ್ಕ್ಟಿಕ್ ಮಬ್ಬು ಎಂದು ಕರೆದರು. ಅದರ ಮೂಲ ಸುಮಾರು ಇಪ್ಪತ್ತು ವರ್ಷ ತಿಳಿಯದೆ ಉಳಿಯಿತು. 1970ರ ದಶಕದಲ್ಲಿ ಗ್ಲೆನ್ ಶಾ ಮತ್ತು ಕೆನೆತ್ ರಾನ್ ಅಲಾಸ್ಕಾದ ಬ್ಯಾರೋದಲ್ಲಿ ಸಂಗ್ರಹಿಸಿದ ಕಣಗಳ ರಾಸಾಯನಿಕ ಗುರುತುಗಳನ್ನು ಪರಿಶೀಲಿಸಿದರು. ವನೇಡಿಯಂ, ಮ್ಯಾಂಗನೀಸ್‌ನಂಥ ಲೋಹಗಳ ಅನುಪಾತ ನೋಡಿ, ಮಬ್ಬಿನ ಬಹುಪಾಲು ಯೂರೋಪ್ ಮತ್ತು ಸೋವಿಯತ್ ಒಕ್ಕೂಟದ ಉದ್ಯಮಗಳಿಂದ ಬಂದದ್ದೆಂದು ರಾನ್ ವಾದಿಸಿದರು. 1983ರಲ್ಲಿ ನಡೆದ ವಿಮಾನ ಸಮೀಕ್ಷೆ ಈ ಚಿತ್ರಕ್ಕೆ ಎತ್ತರದ ವಿವರಗಳನ್ನು ಸೇರಿಸಿತು.

ಶಾಶ್ವತ ಕೇಂದ್ರಗಳು ಹುಟ್ಟಿದ್ದೂ ಇದೇ ಕಾಲದಲ್ಲಿ. ಬ್ಯಾರೋ ಮತ್ತು ದಕ್ಷಿಣ ಧ್ರುವ ಬಿಂದುವಿನಲ್ಲಿ 1970ರ ದಶಕದಿಂದ, ಕೆನಡಾದ ಉತ್ತರ ತುದಿಯ ಅಲರ್ಟ್‌ನಲ್ಲಿ 1980ರ ದಶಕದಿಂದ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ತ್ಸೆಪೆಲಿನ್ ಬೆಟ್ಟದಲ್ಲಿ ಸುಮಾರು 1990ರಿಂದ ನಿರಂತರ ಮಾಪನ ನಡೆದಿದೆ. ಅಂಟಾರ್ಕ್ಟಿಕದಲ್ಲಿ ಜರ್ಮನಿಯ ನೊಯ್‌ಮಾಯರ್ ಕೇಂದ್ರದ ದಾಖಲೆ ದೀರ್ಘಾವಧಿಯದು.

ಉಪಕರಣಗಳು ಮತ್ತು ತತ್ತ್ವ

ಎಣಿಕೆ. ಏಟ್ಕೆನ್ ತತ್ತ್ವವನ್ನೇ ಇಂದಿನ ಸಾಂದ್ರೀಕರಣ ಕಣಗಣಕ ಬಳಸುತ್ತದೆ. ನೀರಿನ ಬದಲು ಬ್ಯುಟನಾಲ್ ಆವಿಯನ್ನು ಕಣದ ಮೇಲೆ ಕೂರಿಸಿ ಹಿಗ್ಗಿಸಿ, ಲೇಸರ್ ಕಿರಣದಲ್ಲಿ ಒಂದೊಂದಾಗಿ ಎಣಿಸುತ್ತಾರೆ. ನಗರದ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಣಗಳಿರುವುದು ಸಾಮಾನ್ಯ. ದಕ್ಷಿಣ ಧ್ರುವ ಬಿಂದುವಿನಲ್ಲಿ ಬೇಸಿಗೆಯಲ್ಲಿ ಆ ಸಂಖ್ಯೆ ಕೆಲವು ನೂರು, ಚಳಿಗಾಲದಲ್ಲಿ ಹತ್ತಿಪ್ಪತ್ತು.

ತೂಕ. ಮೊದಲೇ ತೂಗಿಟ್ಟ ಶೋಧಕ ಹಾಳೆಯ ಮೂಲಕ ಗೊತ್ತಾದಷ್ಟು ಗಾಳಿಯನ್ನು ಹೀರಿ, ಹಾಳೆಯನ್ನು ಮತ್ತೆ ತೂಗುವುದು ಹಳೆಯ ಮತ್ತು ನಂಬಿಕೆಯ ವಿಧಾನ. ಅದೇ ಹಾಳೆಯನ್ನು ರಾಸಾಯನಿಕ ವಿಶ್ಲೇಷಣೆಗೂ ಬಳಸಬಹುದು. ಧ್ರುವದಲ್ಲಿ ತೂಗುವಷ್ಟು ಕಣ ಸಿಗಲು ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಗಾಳಿ ಹೀರಬೇಕಾಗುತ್ತದೆ.

ಚದರಿಕೆ. ನೆಫಲೋಮೀಟರ್ ಎಂಬ ಸಾಧನದ ಕತ್ತಲ ಕೋಣೆಯೊಳಗೆ ಗಾಳಿಯನ್ನು ಹಾಯಿಸಿ, ಅದರ ಮೇಲೆ ಬೆಳಕು ಬೀರಿ, ಎಲ್ಲ ದಿಕ್ಕಿಗೂ ಚದರಿದ ಬೆಳಕನ್ನು ಒಟ್ಟಾಗಿ ಅಳೆಯುತ್ತಾರೆ. ಚದರಿದ ಮತ್ತು ಹೀರಿದ ಬೆಳಕಿನ ಅನುಪಾತದಿಂದ ಕಣಗಳು ಭೂಮಿಯನ್ನು ತಂಪಾಗಿಸುತ್ತವೆಯೋ ಬಿಸಿಮಾಡುತ್ತವೆಯೋ ಎಂಬುದರ ಸುಳಿವು ಸಿಗುತ್ತದೆ.

ಹೀರಿಕೆ. ಮಸಿಯ ಮಾಪನದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ ಈಥಲೋಮೀಟರ್. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಟೋನಿ ಹ್ಯಾನ್ಸನ್, ಹಾಲ್ ರೋಸೆನ್ ಮತ್ತು ಟಿ. ನೊವಾಕೊವ್ ಇದನ್ನು ರೂಪಿಸಿ 1984ರಲ್ಲಿ ಪ್ರಕಟಿಸಿದರು. ಗಾಳಿಯನ್ನು ಶೋಧಕ ಪಟ್ಟಿಯ ಒಂದು ಚುಕ್ಕೆಯ ಮೂಲಕ ಎಳೆಯುತ್ತಾರೆ. ಚುಕ್ಕೆ ನಿಧಾನವಾಗಿ ಬೂದು, ಆಮೇಲೆ ಕಪ್ಪಾಗುತ್ತದೆ. ಅದರ ಮೂಲಕ ಹಾಯುವ ಬೆಳಕು ಎಷ್ಟು ಕುಗ್ಗಿತೆಂಬುದನ್ನು ಪಕ್ಕದ ಬಿಳಿ ಜಾಗಕ್ಕೆ ಹೋಲಿಸಿ ಕ್ಷಣಕ್ಷಣಕ್ಕೂ ದಾಖಲಿಸುತ್ತಾರೆ. ಚುಕ್ಕೆ ತೀರ ಕಪ್ಪಾದರೆ ಪಟ್ಟಿ ತಾನಾಗಿ ಮುಂದೆ ಸರಿದು ಹೊಸ ಬಿಳಿ ಜಾಗ ಬರುತ್ತದೆ. ಇಂದಿನ ಮಾದರಿಗಳು 370ರಿಂದ 950 ನ್ಯಾನೋಮೀಟರ್‌ವರೆಗಿನ ಏಳು ತರಂಗಾಂತರಗಳಲ್ಲಿ ಅಳೆಯುತ್ತವೆ. ಮಸಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವುದು 880 ನ್ಯಾನೋಮೀಟರ್. ಸೌದೆಯ ಹೊಗೆ ನೇರಳಾತೀತಕ್ಕೆ ಹತ್ತಿರದ ಬೆಳಕನ್ನು ಹೆಚ್ಚು ಹೀರುವುದರಿಂದ, ತರಂಗಾಂತರಗಳ ಹೋಲಿಕೆಯಿಂದ ಅದನ್ನು ಡೀಸೆಲ್ ಹೊಗೆಯಿಂದ ಒಂದು ಮಟ್ಟಿಗೆ ಬೇರ್ಪಡಿಸಬಹುದು.

ಧ್ರುವದ ಅಳತೆ ಎಷ್ಟು ಕಷ್ಟವೆಂಬುದು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ನಿಮಿಷಕ್ಕೆ 5 ಲೀಟರ್ ಗಾಳಿ ಹೀರುವ ಸಾಧನ ಗಂಟೆಗೆ 0.3 ಘನ ಮೀಟರ್ ಗಾಳಿಯನ್ನು ನೋಡುತ್ತದೆ. ಗಾಳಿಯಲ್ಲಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮಸಿ ಇರುವ ನಗರದಲ್ಲಿ ಒಂದು ಗಂಟೆಗೆ 1.5 ಮೈಕ್ರೋಗ್ರಾಂ ಮಸಿ ಚುಕ್ಕೆಯ ಮೇಲೆ ಕೂರುತ್ತದೆ. ಅರ್ಧ ಚದರ ಸೆಂಟಿಮೀಟರಿನ ಚುಕ್ಕೆಯ ಮೂಲಕ ಹಾಯುವ ಬೆಳಕು ಆಗ ಸುಮಾರು ನೂರಕ್ಕೆ ನಲವತ್ತರಷ್ಟು ಕುಗ್ಗುತ್ತದೆ, ಕಣ್ಣಿಗೇ ಕಪ್ಪು ಕಾಣುತ್ತದೆ. ಘನ ಮೀಟರಿಗೆ 1 ನ್ಯಾನೋಗ್ರಾಂ ಮಾತ್ರ ಇರುವ ಅಂಟಾರ್ಕ್ಟಿಕದ ಒಳನಾಡಿನಲ್ಲಿ ಅದೇ ಒಂದು ಗಂಟೆಯಲ್ಲಿ ಬೆಳಕು ಕುಗ್ಗುವುದು ಹತ್ತು ಸಾವಿರದಲ್ಲಿ ಒಂದು ಪಾಲು. ದೀಪದ ಪ್ರಖರತೆ, ಕೋಣೆಯ ಉಷ್ಣತೆ, ಪಂಪಿನ ವೇಗ ಇವುಗಳಲ್ಲಿ ಯಾವುದು ತುಸು ಏರುಪೇರಾದರೂ ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಹೀಗಾಗಿ ಅಲ್ಲಿ ಹಲವು ಗಂಟೆಗಳ, ಕೆಲವೊಮ್ಮೆ ಇಡೀ ದಿನದ ಓದುಗಳನ್ನು ಸರಾಸರಿ ಮಾಡದೆ ಒಂದು ಅಂಕಿಯನ್ನೂ ಬರೆಯುವಂತಿಲ್ಲ. ದಕ್ಷಿಣ ಧ್ರುವ ಬಿಂದುವಿನಲ್ಲಿ ಈಥಲೋಮೀಟರ್ 1986–87ರಲ್ಲೇ ಕೆಲಸ ಮಾಡಿತು. ಗಾಳಿ ನಿರ್ಮಲವಾಗಿದ್ದಾಗ ಅಲ್ಲಿ ಕಂಡ ಮಸಿ ಘನ ಮೀಟರಿಗೆ ಒಂದು ನ್ಯಾನೋಗ್ರಾಮಿಗೂ ಕಡಿಮೆ.

ಶೋಧಕದ ನಾರಿನಲ್ಲಿ ಬೆಳಕು ಹಲವು ಬಾರಿ ಪುಟಿಯುವುದರಿಂದ ಈಥಲೋಮೀಟರಿನ ಓದಿಗೆ ತಿದ್ದುಪಡಿ ಬೇಕು. ಈ ತೊಡಕಿಲ್ಲದ ಇನ್ನೊಂದು ವಿಧಾನ ಏಕಕಣ ಮಸಿಮಾಪಿ. ಇದರಲ್ಲಿ ಒಂದೊಂದೇ ಕಣವನ್ನು 1064 ನ್ಯಾನೋಮೀಟರಿನ ತೀವ್ರ ಲೇಸರ್ ಕಿರಣದ ಮೂಲಕ ಹಾಯಿಸುತ್ತಾರೆ. ಮಸಿ ಬೆಳಕು ಹೀರಿ ಸುಮಾರು 4000 ಕೆಲ್ವಿನ್‌ವರೆಗೆ ಕಾದು ಪ್ರಜ್ವಲಿಸಿ ಆವಿಯಾಗುತ್ತದೆ. ಆ ಮಿನುಗಿನ ಪ್ರಖರತೆಯೇ ಕಣದ ಇಂಗಾಲದ ತೂಕವನ್ನು ಹೇಳುತ್ತದೆ. ಹಿಮವನ್ನು ಕರಗಿಸಿ ತುಂತುರಾಗಿಸಿದರೆ ಇದೇ ಸಾಧನ ಹಿಮದೊಳಗಿನ ಮಸಿಯನ್ನೂ ಅಳೆಯುತ್ತದೆ.

ದೂರಸಂವೇದನೆ. ನೆಲದಿಂದ ಆಕಾಶದ ತುದಿಯವರೆಗಿನ ಇಡೀ ಗಾಳಿಕಂಬದ ಕಣಗಳು ಸೂರ್ಯನ ಬೆಳಕನ್ನು ಎಷ್ಟು ತಡೆಯುತ್ತವೆ ಎಂಬುದನ್ನು ಸೂರ್ಯ ದ್ಯುತಿಮಾಪಿ ಅಳೆಯುತ್ತದೆ. ಈ ಅಳತೆಗೆ ದೃಗ್ ಆಳ ಎಂದು ಹೆಸರು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಇಲ್ಲದ ಧ್ರುವದಲ್ಲಿ ಚಂದ್ರ ಮತ್ತು ನಕ್ಷತ್ರಗಳ ಬೆಳಕಿನಿಂದ ಕೆಲಸ ನಡೆಸುವ ಮಾಪಿಗಳನ್ನು ಬಳಸುತ್ತಾರೆ. ಲೇಸರ್ ಮಿಡಿತವನ್ನು ಮೇಲಕ್ಕೆ ಹಾರಿಸಿ ಮರಳಿದ ಬೆಳಕನ್ನು ಅಳೆಯುವ ಲೈಡಾರ್‌ಗೆ ಕತ್ತಲೆ ಅಡ್ಡಿಯಲ್ಲ. ಇಂಥ ಲೈಡಾರ್ ಹೊತ್ತ ಕ್ಯಾಲಿಪ್ಸೊ ಉಪಗ್ರಹ 2006ರಿಂದ 2023ರವರೆಗೆ ಕಣಗಳ ಪದರಗಳನ್ನು ನೋಡಿತು. ಮಾಮೂಲು ಕ್ಯಾಮೆರಾ ಹೊತ್ತ ಉಪಗ್ರಹಕ್ಕೆ ಬಿಳಿ ಹಿಮದ ಮೇಲಿನ ತೆಳು ಮಬ್ಬನ್ನು ಗುರುತಿಸುವುದು ಕಷ್ಟ. ನೆಲದ ಕೇಂದ್ರಗಳ ಅಗತ್ಯ ಇನ್ನೂ ಉಳಿದಿರುವುದು ಇದೇ ಕಾರಣಕ್ಕೆ.

ಮಾಪನದ ತೊಡಕುಗಳು

ಧ್ರುವದಲ್ಲಿ ಮಸಿ ಅಳೆಯುವವನ ದೊಡ್ಡ ಶತ್ರು ಅವನದೇ ಜನರೇಟರ್. ಸಂಶೋಧನಾ ಕೇಂದ್ರ ಬೆಚ್ಚಗಿರಬೇಕಾದರೆ ಡೀಸೆಲ್ ಉರಿಯಬೇಕು, ಆ ಹೊಗೆಯ ಒಂದು ಸೆಳಕು ಹಲವು ದಿನಗಳ ದಾಖಲೆಯನ್ನು ಕೆಡಿಸಬಲ್ಲದು. ಇದಕ್ಕೆ ಮೊದಲ ಉಪಾಯ ಸ್ಥಳದ ಆಯ್ಕೆ. ದಕ್ಷಿಣ ಧ್ರುವ ಬಿಂದುವಿನಲ್ಲಿ ಗಾಳಿ ವರ್ಷದ ಬಹುಪಾಲು ಒಂದೇ ದಿಕ್ಕಿನಿಂದ ಬೀಸುತ್ತದೆ. ಆ ದಿಕ್ಕಿನ ವಲಯಕ್ಕೆ ವಾಹನವಾಗಲಿ ಕಟ್ಟಡವಾಗಲಿ ಹೋಗುವಂತಿಲ್ಲ, ಕಣಮಾಪನ ಕಟ್ಟಡ ಅದರ ಅಂಚಿನಲ್ಲಿದೆ. ಅಲರ್ಟ್‌ನ ಪ್ರಯೋಗಾಲಯ ಸೇನಾ ನೆಲೆಯಿಂದ ಸುಮಾರು ಆರು ಕಿಲೋಮೀಟರ್ ದೂರ. ತ್ಸೆಪೆಲಿನ್ ಕೇಂದ್ರ ನೀ-ಓಲೆಸುಂಡ್ ಹಳ್ಳಿಯ ಮೇಲೆ 474 ಮೀಟರ್ ಎತ್ತರದಲ್ಲಿದೆ, ಹಳ್ಳಿಯ ಹೊಗೆ ಬಹುತೇಕ ಕೆಳಗಿನ ತಣ್ಣನೆಯ ಪದರದಲ್ಲೇ ಸಿಕ್ಕಿಬೀಳುತ್ತದೆ.

ಎರಡನೆಯ ಉಪಾಯ ದತ್ತಾಂಶದ ಸೋಸುವಿಕೆ. ಗಾಳಿ ಕೇಂದ್ರದ ಕಡೆಯಿಂದ ಬೀಸಿದ ಹೊತ್ತಿನ ಓದುಗಳನ್ನು, ಕಣಗಳ ಸಂಖ್ಯೆ ಹಠಾತ್ತನೆ ನೆಗೆದ ನಿಮಿಷಗಳನ್ನು ತೆಗೆದುಹಾಕುತ್ತಾರೆ. 2019ರ ಸೆಪ್ಟೆಂಬರಿನಿಂದ 2020ರ ಅಕ್ಟೋಬರಿನವರೆಗೆ ಪೋಲಾರ್‌ಸ್ಟೆರ್ನ್ ಹಡಗು ಆರ್ಕ್ಟಿಕ್ ಹಿಮದಲ್ಲಿ ಸಿಕ್ಕಿಕೊಂಡು ತೇಲಿದ ಮೊಸಾಯಿಕ್ ಯಾತ್ರೆಯಲ್ಲಿ ಹಡಗಿನ ಹೊಗೆ ಕಣಗಳ ದಾಖಲೆಯ ದೊಡ್ಡ ಭಾಗವನ್ನು ತಟ್ಟಿತ್ತು. ಅದನ್ನು ಗುರುತಿಸಿ ಬೇರ್ಪಡಿಸಲೆಂದೇ ಹೊಸ ಗಣನವಿಧಾನವನ್ನು ರೂಪಿಸಬೇಕಾಯಿತು.

ಚಳಿಯದೂ ಒಂದು ಪಾಡು. ಗಾಳಿ ಹೀರುವ ಕೊಳವೆಯ ಬಾಯಿಗೆ ಹಿಮ ಕಟ್ಟುತ್ತದೆ, ಅದನ್ನು ಬಿಸಿಯಾಗಿಡಬೇಕು. ಮೈನಸ್ ಅರವತ್ತು ಡಿಗ್ರಿಯ ಗಾಳಿ ಕೋಣೆಯೊಳಗೆ ಬಂದು ಬಿಸಿಯಾದಾಗ ಕಣಕ್ಕೆ ಅಂಟಿದ ನೀರು ಮತ್ತು ಕೆಲವು ಆವಿಶೀಲ ಪದಾರ್ಥಗಳು ಹಾರಿಹೋಗುತ್ತವೆ. ಹೊರಗೆ ಇದ್ದ ಕಣ ಮತ್ತು ಒಳಗೆ ಅಳೆದ ಕಣ ಒಂದೇ ಆಗಿರುವುದಿಲ್ಲ. ಬಿರುಗಾಳಿಯಲ್ಲಿ ಹಾರುವ ಹಿಮದ ಪುಡಿಯನ್ನೂ ಸಾಧನ ಕಣವೆಂದೇ ಎಣಿಸಬಹುದು.

ಹಿಮದೊಳಗಿನ ಮಸಿ

ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲನ್ನು ಹಿಂದಿರುಗಿಸುತ್ತದೆ. ಒಂದು ಗ್ರಾಂ ಹಿಮದಲ್ಲಿ ಹತ್ತಾರು ನ್ಯಾನೋಗ್ರಾಂ ಮಸಿ ಬೆರೆತರೆ ಈ ಪಾಲು ನೂರಕ್ಕೆ ಒಂದೆರಡರಷ್ಟು ಇಳಿಯುತ್ತದೆ. ಕಣ್ಣಿಗೆ ಹಿಮ ಆಗಲೂ ಬೆಳ್ಳಗೇ ಕಾಣುತ್ತದೆ. ಆದರೆ ದಿನವಿಡೀ ಮುಳುಗದ ಬೇಸಿಗೆಯ ಸೂರ್ಯನ ಕೆಳಗೆ ಆ ಒಂದೆರಡು ಪಾಲೂ ಕರಗುವಿಕೆಯನ್ನು ಬೇಗ ಶುರುಮಾಡುತ್ತದೆ. ಕರಗಿದ ಹಿಮದ ಹರಳು ದೊಡ್ಡದಾಗಿ ಮತ್ತಷ್ಟು ಬೆಳಕು ಹೀರುತ್ತದೆ, ಮೇಲ್ಪದರ ಕರಗಿದಂತೆ ಮಸಿ ಅಲ್ಲೇ ಸಂಗ್ರಹವಾಗುತ್ತದೆ.

ಈ ಭೌತಶಾಸ್ತ್ರವನ್ನು 1980ರಲ್ಲಿ ಸ್ಟೀಫನ್ ವಾರೆನ್ ಮತ್ತು ವಾರೆನ್ ವಿಸ್ಕೋಂಬ್ ಲೆಕ್ಕಹಾಕಿ ತೋರಿಸಿದರು. 1985ರಲ್ಲಿ ಆಂಟನಿ ಕ್ಲಾರ್ಕ್ ಮತ್ತು ಕೆವಿನ್ ನೂನ್ ಆರ್ಕ್ಟಿಕ್ ಹಿಮದ ಮಾದರಿಗಳಲ್ಲಿ ಮಸಿಯನ್ನು ಅಳೆದರು. ವಿಧಾನ ಸರಳ: ಹಿಮವನ್ನು ಶುಚಿಯಾದ ಪಾತ್ರೆಯಲ್ಲಿ ಬೇಗ ಕರಗಿಸಿ, ಆ ನೀರನ್ನು ಸೂಕ್ಷ್ಮ ರಂಧ್ರಗಳ ಶೋಧಕದಲ್ಲಿ ಸೋಸಿ, ಶೋಧಕದ ಕಪ್ಪನ್ನು ತಿಳಿದ ತೂಕದ ಮಾದರಿಗಳೊಂದಿಗೆ ಹೋಲಿಸುವುದು. ಇದೇ ದಾರಿಯಲ್ಲಿ ಸಾರಾ ಡೊಹರ್ಟಿ ಮತ್ತು ಸಂಗಡಿಗರು ಸುಮಾರು 1,200 ಮಾದರಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಗ್ರೀನ್‌ಲೆಂಡಿನ ಒಳನಾಡಿನ ಹಿಮ ಅತಿ ಶುಭ್ರ, ರಷ್ಯಾದ ಆರ್ಕ್ಟಿಕ್ ಹಿಮ ಅತಿ ಮಲಿನ ಎಂದು ಕಂಡಿತು. ಗ್ರೀನ್‌ಲೆಂಡಿನ ಹಿಮಗಂಬಗಳನ್ನು ಏಕಕಣ ಮಸಿಮಾಪಿಯಿಂದ ಓದಿದ ಜೋಸೆಫ್ ಮೆಕಾನಲ್ ತಂಡ 2007ರಲ್ಲಿ ಹೇಳಿದಂತೆ, 1850ರ ನಂತರ ಕೈಗಾರಿಕೆಯಿಂದ ಮಸಿ ಸುಮಾರು ಏಳು ಪಟ್ಟು ಏರಿತ್ತು. ಬೇಸಿಗೆಯ ಆರಂಭದಲ್ಲಿ ಹಿಮದ ಮೇಲೆ ಅದರ ಪ್ರಭಾವ 1906–1910ರ ಅವಧಿಯಲ್ಲಿ ತುತ್ತತುದಿ ಮುಟ್ಟಿತ್ತು.

ಎರಡು ಧ್ರುವಗಳ ಚಿತ್ರ

ಆರ್ಕ್ಟಿಕ್‌ನಲ್ಲಿ ಮಸಿ ಮತ್ತು ಸಲ್ಫೇಟ್ ಚಳಿಗಾಲದ ಕೊನೆ ಹಾಗೂ ವಸಂತದ ಆರಂಭದಲ್ಲಿ ಗರಿಷ್ಠ, ಬೇಸಿಗೆಯಲ್ಲಿ ಕನಿಷ್ಠ. ಚಳಿಗಾಲದಲ್ಲಿ ನೆಲದ ಮೇಲಿನ ಗಾಳಿ ಅತಿ ತಣ್ಣಗಾಗಿ ಪದರಪದರವಾಗಿ ನಿಶ್ಚಲಗೊಳ್ಳುತ್ತದೆ, ಮಳೆಹಿಮ ಕಡಿಮೆಯಿರುವುದರಿಂದ ಕಣ ತೊಳೆದುಹೋಗುವುದಿಲ್ಲ, ಉತ್ತರ ಯುರೇಶಿಯಾದ ಹೊಗೆ ನೇರವಾಗಿ ಈ ತಣ್ಣನೆಯ ಗುಮ್ಮಟದೊಳಗೆ ನುಗ್ಗುತ್ತದೆ. ಉತ್ತರ ರಷ್ಯಾದ ತೈಲಬಾವಿಗಳಲ್ಲಿ ಉರಿಸುವ ಅನಿಲದ ಮಸಿಯೂ ದೊಡ್ಡ ಪಾಲು ಎಂದು 2013ರ ಅಧ್ಯಯನವೊಂದು ತೋರಿಸಿತು. 2006ರ ವಸಂತದಲ್ಲಿ ಪೂರ್ವ ಯೂರೋಪಿನ ಹೊಲಗಳಿಗೆ ಹಚ್ಚಿದ ಬೆಂಕಿಯ ಹೊಗೆ ಸ್ವಾಲ್‌ಬಾರ್ಡ್‌ವರೆಗೆ ಬಂದು ತ್ಸೆಪೆಲಿನ್ ಕೇಂದ್ರದಲ್ಲಿ ಅಲ್ಲಿಯವರೆಗಿನ ದಾಖಲೆಗಳನ್ನೆಲ್ಲ ಮುರಿಯಿತು.

ದಕ್ಷಿಣ ಏಷ್ಯಾದ ಮಸಿ ಆರ್ಕ್ಟಿಕ್‌ಗೆ ಎಷ್ಟು ತಲಪುತ್ತದೆ ಎಂಬುದು ಚರ್ಚೆಗೆ ಒಳಗಾದ ವಿಷಯ. 2005ರ ಒಂದು ಗಣಕ ಅಧ್ಯಯನ ಅದಕ್ಕೆ ದೊಡ್ಡ ಪಾಲು ಕೊಟ್ಟಿತು. ನಂತರದವು ಅದನ್ನು ತಿದ್ದಿದವು: ಉಷ್ಣವಲಯದ ಬೆಚ್ಚನೆಯ ಗಾಳಿ ತಣ್ಣನೆಯ ಗುಮ್ಮಟದ ಮೇಲಕ್ಕೆ ಏರುವುದರಿಂದ ಅದರ ಮಸಿ ಆರ್ಕ್ಟಿಕ್‌ನ ಎತ್ತರದ ಪದರಗಳಲ್ಲಿ ಕಾಣಿಸಿಕೊಳ್ಳುತ್ತದೆ, ನೆಲದ ಹತ್ತಿರ ಕಡಿಮೆ.

ಅಂಟಾರ್ಕ್ಟಿಕದ ಸುತ್ತ ಸಾಗರ ಮತ್ತು ಪಶ್ಚಿಮ ಮಾರುತಗಳ ಬೇಲಿಯಿದೆ, ಹಾಗಾಗಿ ಮಸಿ ಅತ್ಯಲ್ಪ. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದ ಕಾಡು, ಹುಲ್ಲುಗಾವಲುಗಳು ಉರಿಯುವ ದಕ್ಷಿಣಾರ್ಧದ ವಸಂತಕಾಲದಲ್ಲಿ ಅದು ತುಸು ಏರುತ್ತದೆ. 2019–20ರ ಆಸ್ಟ್ರೇಲಿಯದ ಕಾಳ್ಗಿಚ್ಚಿನ ಹೊಗೆ ಸ್ತರಗೋಳಕ್ಕೂ ಏರಿತ್ತು.

ಭಾರತದ ಕೆಲಸ

ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ ಎಸ್. ಝಡ್. ಖಾಸಿಂ ನೇತೃತ್ವದಲ್ಲಿ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟಿತು. ಅಲ್ಲಿನ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿಯ ನಂತರ 1989ರಲ್ಲಿ ಶಿರ್ಮಾಕರ್ ಓಯಸಿಸ್‌ನ ಮೈತ್ರಿ, 2012ರಲ್ಲಿ ಲಾರ್ಸ್‌ಮನ್ ಬೆಟ್ಟಗಳ ಭಾರತಿ ಕೇಂದ್ರಗಳು ಬಂದವು. ಉತ್ತರದಲ್ಲಿ 2008ರ ಜುಲೈಯಲ್ಲಿ ನೀ-ಓಲೆಸುಂಡ್‌ನ ಹಿಮಾದ್ರಿ ಕೇಂದ್ರ ಆರಂಭವಾಯಿತು. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇವುಗಳನ್ನು ನಡೆಸುತ್ತದೆ.

ಮೈತ್ರಿಯಲ್ಲಿ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಸಿ. ಜಿ. ದೇಶಪಾಂಡೆ, ಎ. ಕೆ. ಕಾಮ್ರಾ 1997ರ ಬೇಸಿಗೆಯಲ್ಲಿ ಕಣಗಳ ಗಾತ್ರ ವಿತರಣೆಯನ್ನು ಅಳೆದರು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಹರೀಶ್ ಗಾಧವಿ, ಎ. ಜಯರಾಮನ್ ಅಲ್ಲಿನ ಕಣಗಳು ಸೌರಶಕ್ತಿಯ ಲೆಕ್ಕವನ್ನು ಹೇಗೆ ಬದಲಿಸುತ್ತವೆಂದು 2004ರಲ್ಲಿ ಪ್ರಕಟಿಸಿದರು. ಅಂತರರಾಷ್ಟ್ರೀಯ ಧ್ರುವ ವರ್ಷದ ಅಂಗವಾಗಿ 2007–08ರ ಬೇಸಿಗೆಯಲ್ಲಿ ತಿರುವನಂತಪುರದ ಬಾಹ್ಯಾಕಾಶ ಭೌತಶಾಸ್ತ್ರ ಪ್ರಯೋಗಾಲಯದ ತಂಡ ಮೈತ್ರಿ ಮತ್ತು ಲಾರ್ಸ್‌ಮನ್ ಬೆಟ್ಟ ಎರಡರಲ್ಲೂ ಅಳೆಯಿತು. 500 ನ್ಯಾನೋಮೀಟರಿನಲ್ಲಿ ದೃಗ್ ಆಳ ಎರಡೂ ಕಡೆ ಸುಮಾರು 0.03 ಬಂತು. ಮಸಿ ಮಾತ್ರ ಮೈತ್ರಿಯಲ್ಲಿ ಹಲವು ಪಟ್ಟು ಹೆಚ್ಚಿತ್ತು. ಲಾರ್ಸ್‌ಮನ್‌ನಲ್ಲಿ ಆಗ ಭಾರತದ ಕೇಂದ್ರ ಇನ್ನೂ ಕಟ್ಟಿರಲಿಲ್ಲ, ಮೈತ್ರಿಯಲ್ಲಿ ವರ್ಷವಿಡೀ ಜನವಸತಿಯಿತ್ತು.

ಆರ್ಕ್ಟಿಕ್‌ನಲ್ಲಿ ಭಾರತದ ಕಣಮಾಪಕಗಳು ನೀ-ಓಲೆಸುಂಡ್‌ನ ಗ್ರೂವೆಬಾಡೆಟ್ ಕಟ್ಟಡದಲ್ಲಿವೆ. ಹಿಂದೆ ಅದು ಕಲ್ಲಿದ್ದಲು ಗಣಿ ಕೆಲಸಗಾರರ ಸ್ನಾನಗೃಹವಾಗಿತ್ತು, 1962ರ ದುರಂತದ ಬಳಿಕ ಗಣಿ ಮುಚ್ಚಿತು. ಮುಕುಂದ ಗೊಗೊಯ್, ಎಸ್. ಸುರೇಶ್ ಬಾಬು, ಕೆ. ಕೃಷ್ಣಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಗಾಳಿಯ ಮಸಿಯನ್ನೂ ಹಿಮದ ಮಸಿಯನ್ನೂ ಕುರಿತು ಬರೆದಿದ್ದಾರೆ.

ಈ ಕೆಲಸದ ಬೇರು ದೇಶದೊಳಗಿನ ಮಾಪನದಲ್ಲಿದೆ. 1980ರ ದಶಕದಿಂದ ಬೆಳೆದ ಇಸ್ರೊದ ತೇಲುಕಣ ಜಾಲದಲ್ಲಿ ಸಾಧನಗಳು ಪಳಗಿದವು, ಜನರೂ ಪಳಗಿದರು. ಬೆಂಗಳೂರಿನ ಗಾಳಿಯಲ್ಲಿ ಮಸಿಯ ಪಾಲು ನಿರೀಕ್ಷೆಗಿಂತ ಹೆಚ್ಚಿದೆ ಎಂದು 2002ರಲ್ಲಿ ತೋರಿಸಿದವರಲ್ಲಿ ಸುರೇಶ್ ಬಾಬು, ಕೃಷ್ಣಮೂರ್ತಿಯವರ ಜತೆ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಕೆ. ಸತೀಶ್ ಇದ್ದರು. ತೇಲುಕಣಗಳನ್ನು ಅಳೆದ 1999ರ ಹಿಂದೂ ಮಹಾಸಾಗರ ಪ್ರಯೋಗದ ಮುಂದಾಳುಗಳಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಬಾಲ್ಯದ ಒಂದು ಭಾಗವನ್ನು ಬೆಂಗಳೂರಿನಲ್ಲಿ ಕಳೆದವರು, ಅದೇ ಸಂಸ್ಥೆಯಲ್ಲಿ ಓದಿದವರು.

ಚೆನ್ನೈ ಮತ್ತು ತ್ರಿಪ್ಲಿಕೇನ್

ಚೆನ್ನೈಗೆ ಧ್ರುವದೊಂದಿಗೆ ನೇರ ನಂಟೂ ಇದೆ. ನಗರದ ಪಳ್ಳಿಕರಣೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಗೋವಾ ಕೇಂದ್ರದ ಜತೆಗೂಡಿ ಸ್ವಾಲ್‌ಬಾರ್ಡ್‌ನ ಕೊಂಗ್ಸ್‌ಫ್ಯೋರ್ಡ್‌ನಲ್ಲಿ 2014ರ ಜುಲೈಯಲ್ಲಿ ಇಂಡಾರ್ಕ್ ಎಂಬ ನೀರೊಳಗಿನ ವೀಕ್ಷಣಾಲಯವನ್ನು ಇಳಿಸಿತು. ಅದು ಗಾಳಿಯನ್ನಲ್ಲ, ಕಡಲಿನ ಉಷ್ಣತೆ ಮತ್ತು ಲವಣತೆಯನ್ನು ಅಳೆಯುತ್ತದೆ.

ತ್ರಿಪ್ಲಿಕೇನ್‌ನ ಮರೀನಾ ದಂಡೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಇಬ್ಬರ ಕೆಲಸ ಈ ವಿಜ್ಞಾನಕ್ಕೆ ತಳಪಾಯ. ಬೆಳಕಿನ ಚದರಿಕೆಯ ಅಧ್ಯಯನಕ್ಕೆ ನೊಬೆಲ್ ಪಡೆದು ಮುಂದೆ ಬೆಂಗಳೂರಿನಲ್ಲಿ ನೆಲೆನಿಂತ ಸಿ. ವಿ. ರಾಮನ್ ಒಬ್ಬರು. ಮತ್ತೊಬ್ಬರು ಎಸ್. ಚಂದ್ರಶೇಖರ್. ವಿಕಿರಣ ವರ್ಗಾವಣೆ ಕುರಿತ 1950ರ ಅವರ ಗ್ರಂಥ ನಕ್ಷತ್ರಗಳಿಗೂ ಆಕಾಶದ ಬೆಳಕಿಗೂ ಒಂದೇ ಗಣಿತವನ್ನು ಕೊಟ್ಟಿತು. ದೃಗ್ ಆಳದಿಂದ ಕಣಗಳ ಲೆಕ್ಕ ತೆಗೆಯುವ ಇಂದಿನ ಗಣಕಕ್ರಮಗಳು ಆ ಸಮೀಕರಣಗಳ ಸಂತತಿ. 

ಕಣಗಳ ನಿಜವಾದ ಮಾಪನ ತ್ರಿಪ್ಲಿಕೇನ್‌ನಲ್ಲಿ ಪಟಾಕಿಯ ಹಬ್ಬದಲ್ಲಿ ನಡೆಯುತ್ತದೆ. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ದೀಪಾವಳಿ ಸಮಯದಲ್ಲಿ ಬೆಸೆಂಟ್ ನಗರ, ತ್ಯಾಗರಾಯನಗರ, ನುಂಗಂಬಾಕ್ಕಂ, ಸೌಕಾರ್‌ಪೇಟೆಗಳ ಜತೆಗೆ ಇಲ್ಲೂ ಗಾಳಿ ಮತ್ತು ಸದ್ದನ್ನು ಅಳೆಯುತ್ತದೆ. ಹಬ್ಬಕ್ಕೆ ಮುಂಚಿನ ಒಂದು ಮಾಮೂಲು ದಿನದ ಅಳತೆಯನ್ನು ಹಬ್ಬದ ದಿನದ ಅಳತೆಗೆ ಹೋಲಿಸುತ್ತಾರೆ. ಧ್ರುವದಲ್ಲಿ ನಿರ್ಮಲ ಗಾಳಿಯ ದಿನವನ್ನು ಹಿನ್ನೆಲೆಯಾಗಿ ಹಿಡಿಯುವುದೂ ಇದೇ ತರ್ಕ. ದೇಶದ ಮಾನದಂಡದ ಪ್ರಕಾರ 24 ಗಂಟೆಯ ಸರಾಸರಿಯಲ್ಲಿ 2.5 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು ಘನ ಮೀಟರಿಗೆ 60 ಮೈಕ್ರೋಗ್ರಾಂ, 10 ಮೈಕ್ರೋಮೀಟರಿಗಿಂತ ಚಿಕ್ಕವು 100 ಮೈಕ್ರೋಗ್ರಾಂ ಮೀರಬಾರದು. ಮಸಿಗೆಂದೇ ಪ್ರತ್ಯೇಕ ಮಾನದಂಡವಿಲ್ಲ. ಪಟಾಕಿಯ ಹೊಗೆಯಲ್ಲಿ ಬೇರಿಯಂ, ಸ್ಟ್ರಾಂಷಿಯಂ, ಪೊಟ್ಯಾಷಿಯಂ ಲವಣಗಳೂ ಇರುವುದರಿಂದ ಬರಿಯ ತೂಕದಿಂದ ಮಸಿ ಎಷ್ಟೆಂದು ಹೇಳಲಾಗದು. ಕಡಲ ಪಕ್ಕದ ಬಡಾವಣೆಯಾದ್ದರಿಂದ ಇಲ್ಲಿನ ಶೋಧಕದ ಮೇಲೆ ಉಪ್ಪಿನ ಕಣಗಳೂ ಕೂರುತ್ತವೆ. ಅಂಟಾರ್ಕ್ಟಿಕ ಕರಾವಳಿಯ ಭಾರತಿ ಕೇಂದ್ರದ ಶೋಧಕಕ್ಕೂ ಇದೇ ಪಾಡು. ಬೋಗಿ ಹಬ್ಬದ ಬೆಳಗ್ಗೆ ಹಳೆಯ ಸಾಮಾನು, ಟೈರುಗಳನ್ನು ಸುಟ್ಟ ಹೊಗೆ ಮಂಜಿನೊಂದಿಗೆ ಬೆರೆತು 2018ರ ಜನವರಿಯಲ್ಲಿ ಚೆನ್ನೈ ವಿಮಾನ ಸಂಚಾರವನ್ನೇ ಅಸ್ತವ್ಯಸ್ತಗೊಳಿಸಿತ್ತು.

ಫಲಿತಾಂಶ, ವಿವಾದ, ನೀತಿ

ಒಂದೇ ಗಾಳಿಯ ಮಸಿಗೆ ಮೂರು ಸಾಧನ ಮೂರು ಅಂಕಿ ಕೊಡುವುದುಂಟು. ಬೆಳಕಿನ ಹೀರಿಕೆಯಿಂದ, ಕಾಯಿಸಿದಾಗಿನ ಮಿನುಗಿನಿಂದ, ಉಷ್ಣ-ರಾಸಾಯನಿಕ ವಿಶ್ಲೇಷಣೆಯಿಂದ ತೆಗೆದ ಇಂಗಾಲಗಳು ನಿಖರವಾಗಿ ಒಂದೇ ಪದಾರ್ಥವಲ್ಲ. ಆದ್ದರಿಂದ ಯಾವ ಸಾಧನ, ಯಾವ ತರಂಗಾಂತರ, ಯಾವ ತಿದ್ದುಪಡಿ ಎಂದು ಹೇಳದ ಅಂಕಿಗೆ ಬೆಲೆ ಕಡಿಮೆ. ಮಸಿ ಭೂಮಿಯನ್ನು ಎಷ್ಟು ಬಿಸಿಮಾಡುತ್ತದೆ ಎಂಬ ಅಂದಾಜೂ ಬದಲಾಗಿದೆ. 2013ರ ಒಂದು ದೊಡ್ಡ ಸಮೀಕ್ಷೆ ಚದರ ಮೀಟರಿಗೆ ಸುಮಾರು 1.1 ವಾಟ್ ಎಂದಿತು. 2021ರ ಅಂತರಸರಕಾರಿ ಹವಾಮಾನ ಸಮಿತಿಯ ವರದಿ ಅದಕ್ಕಿಂತ ತೀರ ಕಡಿಮೆ ಮೊತ್ತಕ್ಕೆ ಇಳಿಸಿತು. ಹಿಮದ ಮೇಲಿನ ಪ್ರಭಾವ ಮಾತ್ರ ಧ್ರುವದಲ್ಲಿ ಇಂದಿಗೂ ಪ್ರತ್ಯೇಕ ಲೆಕ್ಕ.

ಅಂಟಾರ್ಕ್ಟಿಕ ಒಪ್ಪಂದದ 1991ರ ಪರಿಸರ ಒಡಂಬಡಿಕೆ ಕಸವನ್ನು ಬಯಲಲ್ಲಿ ಸುಡುವುದನ್ನು ನಿಲ್ಲಿಸಲು ಹೇಳಿತು. ಅಲ್ಲಿನ ಕಡಲಿನಲ್ಲಿ ಭಾರದ ಹಡಗು ತೈಲವನ್ನು 2011ರಲ್ಲಿ ನಿಷೇಧಿಸಿದರು. ಆರ್ಕ್ಟಿಕ್‌ನಲ್ಲಿ ಆ ನಿಷೇಧ 2024ರ ಜುಲೈಯಿಂದ ಜಾರಿಗೆ ಬಂದರೂ 2029ರವರೆಗೆ ವಿನಾಯಿತಿಗಳಿವೆ. ಭಾರತ 2013ರಿಂದ ವೀಕ್ಷಕ ದೇಶವಾಗಿರುವ ಆರ್ಕ್ಟಿಕ್ ಮಂಡಳಿ, 2025ರ ಹೊತ್ತಿಗೆ ಮಸಿಯನ್ನು 2013ರ ಮಟ್ಟಕ್ಕಿಂತ ಶೇಕಡ 25ರಿಂದ 33ರಷ್ಟು ಇಳಿಸುವ ಗುರಿಯನ್ನು 2017ರಲ್ಲಿ ಪ್ರಕಟಿಸಿತು.

ಇಂಥ ಗುರಿ ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ದೀರ್ಘ ದಾಖಲೆಗಳಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಸೋವಿಯತ್ ಒಕ್ಕೂಟ ಕುಸಿದು ಅಲ್ಲಿನ ಹಲವು ಉದ್ಯಮಗಳು ನಿಂತ ಮೇಲೆ ಅಲರ್ಟ್‌ನಲ್ಲಿ ಮಸಿ ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ವಾರದಲ್ಲಿ ಗಾಳಿಯಿಂದ ಇಳಿದುಹೋಗುವ ಪದಾರ್ಥವಾದ್ದರಿಂದ ಮೂಲದಲ್ಲಿ ಉರಿ ತಗ್ಗಿದರೆ ಧ್ರುವದ ಅಳತೆಯಲ್ಲೂ ಅದು ಅದೇ ಋತುವಿನಲ್ಲಿ ಕಾಣುತ್ತದೆ. ಹಸಿರುಮನೆ ಅನಿಲಗಳ ಕಡಿತಕ್ಕೆ ಫಲ ಕಾಣಲು ದಶಕಗಳು ಬೇಕು. ಮಸಿಯ ಕಡಿತ ಫಲಿಸಿತೇ ಎಂಬುದನ್ನು ಅದನ್ನು ಜಾರಿಗೆ ತಂದವರ ಅವಧಿಯಲ್ಲೇ ಅಳೆದು ತೋರಿಸಬಹುದು.